ಕಡೆಯ ಸಾಲಿಗೂ ಮಾತು ಮುಟ್ಟಲಿ

ಸಿಂಧನೂರು ತಾಲ್ಲೂಕಿನ ಸಾಲಗುಂದದಂತಹ ಊರಿನಲ್ಲಿ ದೊಡ್ಡಾಟವೆಂದರೆ ಇಡೀ ರಾತ್ರಿಯ ಜಾಗರಣೆ. ಅಟ್ಟದ ಮುಂದೆ ಮಕ್ಕಳು, ಅವರ ಹಿಂದೆ ಹೆಂಗಸರು, ಗಂಡಸರು; ಎಲ್ಲರಿಗಿಂತ ದೂರದಲ್ಲಿ, ಕಟ್ಟೆಯ ಮೇಲೆ ಕಂಬಳಿ ಹೊದ್ದ ಹಿರಿಯರು. ಭಾಗವತರ ಪದವೂ ಸಾರಥಿಯ ಮಾತೂ ಅವರಿಗೆ ಮುಟ್ಟಬೇಕು. “ಧ್ವನಿ ಕೇಳುತ್ತದೆ, ಮಾತು ತಿಳಿಯದು” ಎಂಬ ದೂರು ಬಂದಾಗ ಜನ ದೂಷಿಸುವುದು ಯಂತ್ರವನ್ನು, ಇಲ್ಲವೆ ಪಾತ್ರಧಾರಿಯ ಗಂಟಲನ್ನು. ತಂತಿಯನ್ನು ಶಂಕಿಸುವವರು ವಿರಳ.

ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯವರಿಗೆ ಈ ತೊಡಕನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲುವೆಯ ಮೇಲ್ಭಾಗದಲ್ಲಿ ಕಂಡ ರಭಸ ಕೆಳಭಾಗದಲ್ಲಿ ಕಾಣದು. ತಾಮ್ರದ ತಂತಿಯೂ ವಿದ್ಯುತ್ತಿಗೆ ತುಸು ತಡೆಯೊಡ್ಡುತ್ತದೆ. ಉದ್ದ ಬೆಳೆದಂತೆ ತಡೆ ಹೆಚ್ಚುತ್ತದೆ, ದಪ್ಪ ಬೆಳೆದಂತೆ ತಗ್ಗುತ್ತದೆ. ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ವಿದ್ಯುತ್ತು ಎದುರಿಸುವ ಒಟ್ಟು ತಡೆಗೆ ‘ಇಂಪೀಡೆನ್ಸ್’ ಎಂದು 1886ರಲ್ಲಿ ಹೆಸರಿಟ್ಟವನು ಇಂಗ್ಲೆಂಡಿನ ಆಲಿವರ್ ಹೆವಿಸೈಡ್. ಅದನ್ನು ಅಳೆಯುವ ಮಾನ ಓಮ್.

ಒಂದು ಲೆಕ್ಕ ನೋಡೋಣ. ಸ್ಪೀಕರು ಯಂತ್ರದಿಂದ 100 ಮೀಟರು ದೂರದಲ್ಲಿದೆ; ತಂತಿಯ ಎಳೆಯ ಅಡ್ಡಕೊಯ್ತ 1 ಚದರ ಮಿಲಿಮೀಟರು. ಹೋಗುವ ಎಳೆ, ಬರುವ ಎಳೆ ಸೇರಿ 200 ಮೀಟರು. ತಡೆ ಸುಮಾರು 3.4 ಓಮ್. ಸ್ಪೀಕರಿನದು 8 ಓಮ್ ಆದರೆ, ಯಂತ್ರದ ಪಕ್ಕದಲ್ಲೇ ಇದ್ದಿದ್ದರೆ ದೊರೆಯುತ್ತಿದ್ದ ಶಕ್ತಿಯಲ್ಲಿ ಅದಕ್ಕೆ ಅರ್ಧವೂ ಸಿಗದು. ಧ್ವನಿ ಕುಗ್ಗಿತೆಂದು ಗುಂಡಿಯನ್ನು ಇನ್ನಷ್ಟು ತಿರುವುತ್ತಾರೆ. ಮಿತಿ ಮೀರಿದೊಡನೆ ಧ್ವನಿ ಒಡೆಯುತ್ತದೆ.

ಇದಕ್ಕೆ ಪರಿಹಾರವುಂಟು. ದೂರದ ಸ್ಪೀಕರುಗಳಿಗೆ 100 ವೋಲ್ಟಿನ ಲೈನು ಎಳೆದು, ಪ್ರತಿಯೊಂದಕ್ಕೂ ಪುಟ್ಟ ಟ್ರಾನ್ಸ್‌ಫಾರ್ಮರ್ ಜೋಡಿಸುತ್ತಾರೆ. ಆಗ 20 ವಾಟಿನ ಸ್ಪೀಕರು ಲೈನಿಗೆ 500 ಓಮ್‌ನಂತೆ ತೋರುತ್ತದೆ. ಅದರೆದುರು ತಂತಿಯ 3.4 ಓಮ್ ಯಾವ ಲೆಕ್ಕ! ನೂರಕ್ಕೆ ಎರಡು ಪಾಲೂ ನಷ್ಟವಾಗದು.

ಮಾತಿನ ಸ್ಪಷ್ಟತೆ ಕೆಡಲು ಮೈಕಿನ ತಂತಿಯೂ ಕಾರಣವಾಗಬಹುದು. ಅದರ ಒಳ ಎಳೆಯೂ ಹೊರಗಿನ ಜಾಲರಿಯೂ ಸೇರಿ ಸಣ್ಣದೊಂದು ಕೆಪಾಸಿಟರಿನಂತೆ ವರ್ತಿಸುತ್ತವೆ. ಮೈಕಿನ ಇಂಪೀಡೆನ್ಸ್ 50,000 ಓಮ್‌ನಷ್ಟಿದ್ದರೆ, ಹತ್ತು ಮೀಟರು ತಂತಿಯೇ ಸೆಕೆಂಡಿಗೆ ಸುಮಾರು 3,000 ಕಂಪನಗಳಿಗೆ ಮೇಲ್ಪಟ್ಟ ಧ್ವನಿಗಳನ್ನು ಕುಗ್ಗಿಸತೊಡಗುತ್ತದೆ. ಸ್ವರಗಳ ಬಲವೆಲ್ಲ ಹೆಚ್ಚಾಗಿ ಅದಕ್ಕಿಂತ ಕೆಳಗಿದೆ. ಆದುದರಿಂದ ಧ್ವನಿ ಕೇಳುತ್ತದೆ. ಆದರೆ ಸಕಾರದ ಸೀಳು ಇರುವುದು ಮೇಲೆ. ಅದು ಮಾಯವಾದರೆ ‘ಸರ’ವೋ ‘ಹರ’ನೋ ತಿಳಿಯದು! 200 ಓಮ್ ಮೈಕು ಬಳಸಿದರೆ ನೂರು ಮೀಟರು ತಂತಿಯೂ ಅಕ್ಷರವನ್ನು ನುಂಗಲಾರದು.

ಹಾಗೆಂದು ಪಟ್ಟಣದ ಗೃಹಸ್ಥರು ಅಂಗಡಿಯವನ ಮಾತಿಗೆ ಮರುಳಾಗಿ ದುಬಾರಿ ತಂತಿ ಕೊಳ್ಳಬೇಕಾಗಿಲ್ಲ. ನಡುಮನೆಯಲ್ಲಿ ಸ್ಪೀಕರು ಮೂರು ಮೀಟರು ದೂರವಿದ್ದರೆ ಅದೇ 1 ಚದರ ಮಿಲಿಮೀಟರಿನ ತಂತಿಯ ತಡೆ 0.1 ಓಮ್ ಮಾತ್ರ. ಕಿವಿಗೆ ಅದು ತಿಳಿಯುವಂತಹದಲ್ಲ. ತಂತಿಯ ಯೋಗ್ಯತೆ ಬೆಲೆಯಲ್ಲಿಲ್ಲ. ಅದು ಸಾಗಬೇಕಾದ ದೂರವನ್ನೂ ಎರಡು ತುದಿಗಳಲ್ಲಿರುವ ಓಮ್‌ಗಳನ್ನೂ ಅರಿತು ಆರಿಸಿದುದರಲ್ಲಿದೆ. ಅಷ್ಟು ಮಾಡಿದರೆ, ಕಟ್ಟೆಯ ಮೇಲಿನ ಅಜ್ಜನೂ ಸಾರಥಿಯ ಚಟಾಕಿಗೆ ಎಲ್ಲರೊಡನೆ ನಗಬಲ್ಲ.