ಗುರುತಿಗೆ ಸಾಕ್ಷಿ ನಿಲ್ಲುವವರು

ಒಬ್ಬ ವ್ಯಕ್ತಿ ತಾನು ಇಂಥವನೆಂದು ಹೇಳಿಕೊಂಡಾಗ ಆ ಮಾತು ನಿಜವೇ ಎಂಬುದನ್ನು ಆತನನ್ನು ಬಲ್ಲ ಇನ್ನೊಬ್ಬರಿಂದ ಕೇಳಿ ದೃಢಪಡಿಸಿಕೊಳ್ಳುವ ಕ್ರಮ ದಕ್ಷಿಣ ಕನ್ನಡದ ವ್ಯವಹಾರ ಜೀವನದಲ್ಲಿ ಬಹುಕಾಲದಿಂದ ನೆಲೆಯೂರಿದೆ. ಮಂಗಳೂರು–ಬೆಂಗಳೂರು ಹೆದ್ದಾರಿಯಿಂದ ಮೈಸೂರಿನ ರಸ್ತೆ ಕವಲೊಡೆಯುವ ಮಾಣಿಯಲ್ಲಿ ಅಡಕೆ ತೋಟ ಮಾರಲು ಹೊರಟ ಕೃಷಿಕರು ಉಪನೋಂದಣಾಧಿಕಾರಿಯ ಕಚೇರಿಗೆ ಹೋಗುವಾಗ ತಮ್ಮನ್ನು ಗುರುತಿಸುವ ಸಾಕ್ಷಿಗಳನ್ನು ಜೊತೆಗೆ ಕರೆದೊಯ್ಯುತ್ತಾರೆ. ಪತ್ರ ಬರೆದುಕೊಟ್ಟವರು ಅಧಿಕಾರಿಗೆ ಸ್ವತಃ ಪರಿಚಿತರಿರಬೇಕು, ಇಲ್ಲವೇ ಅವರ ಗುರುತಿನ ಬಗ್ಗೆ ಅಧಿಕಾರಿಗೆ ಬೇರೆ ರೀತಿಯಲ್ಲಿ ಮನವರಿಕೆಯಾಗಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ಣಾಟಕ, ವಿಜಯ ಎಂಬ ಐದು ಬ್ಯಾಂಕುಗಳು ಹುಟ್ಟಿದ ಈ ಕರಾವಳಿಯಲ್ಲಿ ಹೊಸ ಖಾತೆ ತೆರೆಯುವ ಅರ್ಜಿಯ ಮೇಲೆ ಹಳೆಯ ಖಾತೆದಾರರೊಬ್ಬರು ‘ಪರಿಚಯಿಸುವವರು’ ಎಂದು ಸಹಿ ಹಾಕುವುದು ದಶಕಗಳ ಕಾಲ ವಾಡಿಕೆಯಾಗಿತ್ತು. 1928ರಲ್ಲಿ ಉಡುಪಿಯಲ್ಲಿ ಆರಂಭವಾದ ಪಿಗ್ಮಿ ಠೇವಣಿ ಯೋಜನೆಯೂ ದಿನವೂ ಮನೆ ಬಾಗಿಲಿಗೆ ಬರುವ ಸಂಗ್ರಾಹಕರು ಮತ್ತು ಠೇವಣಿದಾರರ ನಡುವಿನ ಮುಖಪರಿಚಯವನ್ನೇ ಆಧರಿಸಿ ಬೆಳೆಯಿತು. ಖಾತೆ ತೆರೆಯಲು ಪರಿಚಯದ ಸಹಿಯನ್ನು ಬ್ಯಾಂಕುಗಳು ಒತ್ತಾಯಿಸಕೂಡದೆಂದು ರಿಸರ್ವ್ ಬ್ಯಾಂಕ್ 2012ರಲ್ಲಿ ಸೂಚಿಸಿತು. ಆ ವೇಳೆಗೆ ದಾಖಲೆಪತ್ರಗಳು ಪರಿಚಯದ ಜಾಗವನ್ನು ಬಹುಮಟ್ಟಿಗೆ ಆಕ್ರಮಿಸಿದ್ದವು.

ಇದೇ ಕ್ರಮವನ್ನು ಅಂತರ್ಜಾಲಕ್ಕೆ ಒಯ್ಯಲು ಸ್ವಯಂಸೇವಕರು ನಡೆಸಿದ ಪ್ರಯತ್ನವನ್ನು ತಿಳಿಯಬೇಕಾದರೆ ಡಿಜಿಟಲ್ ಪ್ರಮಾಣಪತ್ರವೆಂದರೇನು ಎಂಬುದನ್ನು ಮೊದಲು ನೋಡಬೇಕು. ಗಣಕಯಂತ್ರದ ಸಹಿ ಒಂದು ಜೋಡಿ ಕೀಲಿಗಳಿಂದ ನಡೆಯುತ್ತದೆ. ಖಾಸಗಿ ಕೀಲಿ ಸಹಿದಾರರ ಬಳಿ ಮಾತ್ರ ಇರುತ್ತದೆ, ಅದರಿಂದ ಹಾಕಿದ ಸಹಿಯನ್ನು ಸಾರ್ವಜನಿಕ ಕೀಲಿಯ ಸಹಾಯದಿಂದ ಯಾರು ಬೇಕಾದರೂ ಪರೀಕ್ಷಿಸಬಹುದು. ಗ್ರಾಮ ಪಂಚಾಯತಿಯ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ಇ-ಸ್ವತ್ತು ತಂತ್ರಾಂಶದಲ್ಲಿ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11ಕ್ಕೆ ಸಹಿ ಮಾಡುವಾಗ ಕಂಪ್ಯೂಟರಿಗೆ ಸಿಕ್ಕಿಸುವ, ಜನರ ಬಾಯಲ್ಲಿ ‘ಡಾಂಗಲ್’ ಎನಿಸಿಕೊಂಡಿರುವ ಪುಟ್ಟ ಸಾಧನದೊಳಗೆ ಇರುವುದು ಅಂಥ ಖಾಸಗಿ ಕೀಲಿಯೇ. ಆದರೆ ಒಂದು ಸಾರ್ವಜನಿಕ ಕೀಲಿ ಇಂಥವರಿಗೇ ಸೇರಿದ್ದೆಂದು ಗಣಿತ ಹೇಳಲಾರದು. ಅದನ್ನು ಮನುಷ್ಯರೋ ಸಂಸ್ಥೆಯೋ ಹೇಳಬೇಕು. ಹಾಗೆ ಹೆಸರು ಮತ್ತು ಕೀಲಿಯನ್ನು ಒಟ್ಟಿಗೆ ಕಟ್ಟಿ ತನ್ನ ಸಹಿಯಿಂದ ದೃಢಪಡಿಸುವ ಸಂಸ್ಥೆಗೆ ಪ್ರಮಾಣೀಕರಣ ಸಂಸ್ಥೆ ಎಂದೂ, ಅದು ಕೊಡುವ ದಾಖಲೆಗೆ ಡಿಜಿಟಲ್ ಪ್ರಮಾಣಪತ್ರ ಎಂದೂ ಹೆಸರು. ಬ್ಯಾಂಕಿನ ಜಾಲತಾಣವನ್ನು ತೆರೆದಾಗ ಬ್ರೌಸರ್ ಆ ತಾಣವನ್ನು ಸುರಕ್ಷಿತವೆಂದು ಒಪ್ಪುವುದೂ ಇಂಥ ಪ್ರಮಾಣಪತ್ರವನ್ನು ನೋಡಿಯೇ.

ಈ ಪ್ರಮಾಣಪತ್ರಗಳು ಬಹುಕಾಲ ಹಣ ಕೊಟ್ಟು ಕೊಳ್ಳಬೇಕಾದ ವಸ್ತುಗಳಾಗಿದ್ದವು. ಫಿಲ್ ಜಿಮ್ಮರ್‌ಮನ್ 1991ರಲ್ಲಿ ಹೊರತಂದ ಪಿಜಿಪಿ ಎಂಬ ಗೂಢಲಿಪಿ ತಂತ್ರಾಂಶದ ಬಳಕೆದಾರರು ಮಾತ್ರ ಪರಸ್ಪರ ಭೇಟಿಯಾಗಿ ಒಬ್ಬರ ಕೀಲಿಗೆ ಇನ್ನೊಬ್ಬರು ಸಹಿ ಹಾಕಿ ‘ವಿಶ್ವಾಸದ ಜಾಲ’ವನ್ನು ಹೆಣೆದುಕೊಂಡಿದ್ದರು. ದಕ್ಷಿಣ ಆಫ್ರಿಕದಲ್ಲಿ ಮಾರ್ಕ್ ಶಟಲ್‌ವರ್ತ್ ಸ್ಥಾಪಿಸಿದ ಥಾಟ್ ಸಂಸ್ಥೆ ಇದೇ ತತ್ವವನ್ನು ಬಳಸಿ, ಸ್ವಯಂಸೇವಕ ನೋಟರಿಗಳು ಗುರುತು ದೃಢಪಡಿಸಿದವರಿಗೆ ಉಚಿತ ಇಮೇಲ್ ಪ್ರಮಾಣಪತ್ರಗಳನ್ನು ಕೊಡುತ್ತಿತ್ತು. ಸಂಸ್ಥೆ ವೆರಿಸೈನ್ ಕಂಪನಿಯ ಪಾಲಾಗಿ ಹತ್ತು ವರ್ಷ ಕಳೆಯುವ ಹೊತ್ತಿಗೆ, 2009ರ ನವೆಂಬರಿನಲ್ಲಿ, ಆ ಸೇವೆ ನಿಂತುಹೋಯಿತು. ಲಾಭದ ಉದ್ದೇಶವಿಲ್ಲದೆ ಸಮುದಾಯವೇ ಪ್ರಮಾಣೀಕರಣ ಸಂಸ್ಥೆಯನ್ನು ನಡೆಸಬೇಕೆಂಬ ಆಸೆಯಿಂದ 2003ರಲ್ಲಿ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನಲ್ಲಿ ನೋಂದಣಿಯಾದ ಸಿಎಸರ್ಟ್ ಈ ಪರಂಪರೆಯ ಅತ್ಯಂತ ಪೂರ್ಣ ರೂಪ.

ಸಿಎಸರ್ಟ್‌ನ ನಿಯಮಗಳನ್ನು ತುಸು ವಿವರವಾಗಿ ನೋಡುವುದು ಅಗತ್ಯ, ಏಕೆಂದರೆ ಪರಿಚಯವೆಂಬ ಅಮೂರ್ತ ಸಂಗತಿಯನ್ನು ಅಳೆಯಬಲ್ಲ ಕ್ರಮವಾಗಿ ಮಾರ್ಪಡಿಸಿದ ಜಾಣ್ಮೆ ಅವುಗಳಲ್ಲಿದೆ. ತಮ್ಮ ಗುರುತಿಗೆ ಖಾತ್ರಿ ಬಯಸಿದ ಸದಸ್ಯರು ‘ಅಶ್ಯೂರರ್’, ಅಂದರೆ ಖಾತ್ರಿದಾರರನ್ನು ಮುಖತಃ ಭೇಟಿಯಾಗಿ ಸರ್ಕಾರ ಕೊಟ್ಟ ಭಾವಚಿತ್ರವಿರುವ ಮೂಲ ದಾಖಲೆಗಳನ್ನು ತೋರಿಸಿ, ಅವರ ಎದುರಿನಲ್ಲೇ ಕಾಗದದ ನಮೂನೆಗೆ ಸಹಿ ಹಾಕಬೇಕು. ಆ ನಮೂನೆಯನ್ನು ಖಾತ್ರಿದಾರರು ಏಳು ವರ್ಷ ಜೋಪಾನವಾಗಿ ಇಟ್ಟುಕೊಳ್ಳಬೇಕು. ಹೊಸ ಖಾತ್ರಿದಾರರು ಒಬ್ಬ ವ್ಯಕ್ತಿಗೆ 10 ಅಂಕಗಳನ್ನಷ್ಟೇ ಕೊಡಬಲ್ಲರು. ಅನುಭವ ಹೆಚ್ಚಿದಂತೆ ಆ ಮಿತಿ 35ರವರೆಗೆ ಏರುತ್ತದೆ. ಪ್ರಮಾಣಪತ್ರದಲ್ಲಿ ಸ್ವಂತ ಹೆಸರು ಕಾಣಿಸಬೇಕಾದರೆ 50 ಅಂಕಗಳು ಬೇಕು, ಸ್ವತಃ ಖಾತ್ರಿದಾರರಾಗಲು 100 ಅಂಕಗಳ ಜೊತೆಗೆ ಒಂದು ಪರೀಕ್ಷೆಯನ್ನೂ ದಾಟಬೇಕು. ಹೀಗಾಗಿ ಎಷ್ಟೇ ಅನುಭವಿಯಾದರೂ ಒಬ್ಬ ಖಾತ್ರಿದಾರರ ಮಾತಿನಿಂದ ಯಾರ ಗುರುತೂ ಸಿದ್ಧವಾಗುವುದಿಲ್ಲ, ಕನಿಷ್ಠ ಇಬ್ಬರು ಬೇರೆ ಬೇರೆಯಾಗಿ ಕಂಡು ಒಪ್ಪಬೇಕಾಗುತ್ತದೆ. ತಪ್ಪು ಖಾತ್ರಿ ಕೊಟ್ಟವರ ಮೇಲಿನ ದೂರುಗಳನ್ನು ಸಮುದಾಯದ ಒಳಗಿನ ಪಂಚಾಯ್ತಿದಾರರು ಇತ್ಯರ್ಥಗೊಳಿಸುತ್ತಾರೆ, ಅವರ ತೀರ್ಪಿಗೆ ಬದ್ಧರಾಗಿರುವುದಾಗಿ ಸದಸ್ಯರೆಲ್ಲರೂ ಮೊದಲೇ ಒಪ್ಪಿರುತ್ತಾರೆ. ಬ್ಯಾಂಕಿನ ಅರ್ಜಿಯ ಮೇಲೆ ದಾಕ್ಷಿಣ್ಯಕ್ಕೆ ಸಹಿ ಹಾಕಿಕೊಡುತ್ತಿದ್ದ ಹಳೆಯ ವಾಡಿಕೆಯಲ್ಲಿ ಇಲ್ಲದಿದ್ದ ಶಿಸ್ತು ಇಲ್ಲಿತ್ತು.

ಇಷ್ಟಾದರೂ ಈ ಸಂಸ್ಥೆ ತನ್ನ ಮುಖ್ಯ ಗುರಿಯನ್ನು ಮುಟ್ಟಲಿಲ್ಲ. ಒಂದು ಪ್ರಮಾಣಪತ್ರ ಸಾಮಾನ್ಯ ಬಳಕೆದಾರರಿಗೆ ಉಪಯೋಗಕ್ಕೆ ಬರಬೇಕಾದರೆ ಅದನ್ನು ಕೊಟ್ಟ ಸಂಸ್ಥೆಯ ಮೂಲ ಕೀಲಿ ಬ್ರೌಸರಿನ ವಿಶ್ವಾಸಾರ್ಹ ಪಟ್ಟಿಯಲ್ಲಿ ಇರಬೇಕು, ಆ ಪಟ್ಟಿಗೆ ಸೇರಲು ಹೊರಗಿನ ಲೆಕ್ಕಪರಿಶೋಧಕರು ಸಂಸ್ಥೆಯ ಯಂತ್ರಗಳನ್ನೂ ಕಡತಗಳನ್ನೂ ತಪಾಸಣೆ ಮಾಡಿ ಒಪ್ಪಿಗೆ ಕೊಡಬೇಕು. ಫೈರ್‌ಫಾಕ್ಸ್ ಬ್ರೌಸರನ್ನು ರೂಪಿಸುವ ಮೊಜಿಲ್ಲಾಕ್ಕೆ ಸಲ್ಲಿಸಿದ್ದ ಮನವಿಯನ್ನು ಸಿಎಸರ್ಟ್ 2007ರಲ್ಲಿ ಹಿಂತೆಗೆದುಕೊಂಡಿತು. ಅದರ ಮೂಲ ಕೀಲಿಯನ್ನು ಇಟ್ಟುಕೊಂಡಿದ್ದ ಡೆಬಿಯನ್ ಕಾರ್ಯಾಚರಣ ವ್ಯವಸ್ಥೆಯೂ 2014ರಲ್ಲಿ ಅದನ್ನು ತೆಗೆದುಹಾಕಿತು. ಹಾಗೆಂದು ತಪಾಸಣೆಗೆ ಒಳಪಟ್ಟ ಸಂಸ್ಥೆಗಳು ಎಡವಲಿಲ್ಲವೆಂದಲ್ಲ. ನೆದರ್ಲೆಂಡ್ಸ್‌ನ ಡಿಜಿನೋಟರ್ ಸಂಸ್ಥೆಯ ಗಣಕಗಳಿಗೆ 2011ರಲ್ಲಿ ನುಗ್ಗಿದವರು ಗೂಗಲ್ ಹೆಸರಿನಲ್ಲೇ ಸುಳ್ಳು ಪ್ರಮಾಣಪತ್ರ ಸೃಷ್ಟಿಸಿದರು, ಸಂಸ್ಥೆ ಅದೇ ವರ್ಷ ದಿವಾಳಿಯಾಯಿತು. 2014ರ ಜುಲೈನಲ್ಲಿ ಭಾರತದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಪ್ರಮಾಣೀಕರಣ ವ್ಯವಸ್ಥೆಯಿಂದಲೂ ಗೂಗಲ್ ತಾಣಗಳ ಹೆಸರಿನಲ್ಲಿ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದವು. ಹಾಗಾಗಿ ಸ್ವಯಂಸೇವಕರ ಸಾಕ್ಷ್ಯ ದುರ್ಬಲವಾಗಿತ್ತೆಂದು ಈ ಇತಿಹಾಸದಿಂದ ತೀರ್ಮಾನಿಸುವುದು ತಪ್ಪಾಗುತ್ತದೆ. ಕೊರತೆಯಿದ್ದದ್ದು ಆ ಸಾಕ್ಷ್ಯವನ್ನು ಕಾಯುವ ಕಚೇರಿ, ಯಂತ್ರ, ಹಣ ಮತ್ತು ತಪಾಸಣೆಯಲ್ಲಿ.

ಉಚಿತ ಪ್ರಮಾಣಪತ್ರದ ಕನಸನ್ನು ಬೇರೊಂದು ದಾರಿಯಿಂದ ನನಸು ಮಾಡಿದ್ದು 2015ರ ಡಿಸೆಂಬರಿನಲ್ಲಿ ಎಲ್ಲರಿಗೂ ತೆರೆದುಕೊಂಡ ಲೆಟ್ಸ್ ಎನ್‌ಕ್ರಿಪ್ಟ್. 2020ರ ಫೆಬ್ರವರಿಯ ಹೊತ್ತಿಗೆ ಅದು ನೂರು ಕೋಟಿ ಪ್ರಮಾಣಪತ್ರಗಳನ್ನು ಕೊಟ್ಟಿತ್ತು. ಆದರೆ ಅದು ಅರ್ಜಿದಾರರ ಗುರುತನ್ನು ಕೇಳುವುದೇ ಇಲ್ಲ. ಜಾಲತಾಣದ ವಿಳಾಸ ಅವರ ಹಿಡಿತದಲ್ಲಿದೆಯೇ ಎಂಬುದನ್ನು ಮಾತ್ರ ಯಂತ್ರದ ಮೂಲಕ ಪರೀಕ್ಷಿಸುತ್ತದೆ. ಬೆಳ್ತಂಗಡಿಯ ಸ್ವಸಹಾಯ ಸಂಘವಾಗಲಿ ಮೂಡುಬಿದಿರೆಯ ಶಾಲೆಯಾಗಲಿ ತನ್ನ ತಾಣವನ್ನು ಖರ್ಚಿಲ್ಲದೆ ಸುರಕ್ಷಿತಗೊಳಿಸಿಕೊಳ್ಳಲು ಇದು ದೊಡ್ಡ ನೆರವು. ಆದರೆ ಬ್ಯಾಂಕಿನ ಹೆಸರನ್ನು ಹೋಲುವ ವಿಳಾಸ ಪಡೆದ ವಂಚಕರಿಗೂ ಅದೇ ಪ್ರಮಾಣಪತ್ರ ದೊರೆಯುವುದರಿಂದ, ಸುರಕ್ಷಿತ ಸಂಪರ್ಕದ ಚಿಹ್ನೆಯನ್ನು ನೋಡಿ ತಾಣದ ಒಡೆಯರು ಪ್ರಾಮಾಣಿಕರೆಂದು ಭಾವಿಸಬಾರದು.

ಭಾರತದಲ್ಲಿ ಕಾನೂನಿನ ಮಾನ್ಯತೆಯುಳ್ಳ ಡಿಜಿಟಲ್ ಸಹಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಪರವಾನಗಿ ಪಡೆದ ಸಂಸ್ಥೆಯ ಪ್ರಮಾಣಪತ್ರವೇ ಬೇಕು. ಬೆಂಗಳೂರಿನ ಇಮುದ್ರಾ ಅಂಥ ಸಂಸ್ಥೆಗಳಲ್ಲಿ ಒಂದು. ಸ್ವಯಂಸೇವಕರ ಖಾತ್ರಿಗೆ ಈ ಕಾಯ್ದೆಯಲ್ಲಿ ಸ್ಥಾನವಿಲ್ಲ. ಪರಿಚಯದ ತತ್ವಕ್ಕೆ ಈ ದೇಶದ ಡಿಜಿಟಲ್ ಗುರುತಿನಲ್ಲಿ ಜಾಗ ದೊರೆತದ್ದು ಆಧಾರ್ ನೋಂದಣಿಯಲ್ಲಿ: ಯಾವ ದಾಖಲೆಯೂ ಇಲ್ಲದವರ ಗುರುತಿಗೆ ನಿಯೋಜಿತ ‘ಪರಿಚಯಕಾರ’ರೊಬ್ಬರು ಸಾಕ್ಷಿ ನಿಲ್ಲಬಹುದೆಂಬ ನಿಯಮ ಅಲ್ಲಿತ್ತು. ಆದರೆ 2015ರಲ್ಲಿ ಮಾಹಿತಿ ಹಕ್ಕಿನಡಿ ದೊರೆತ ಉತ್ತರದ ಪ್ರಕಾರ, ಆವರೆಗೆ ನೀಡಲಾಗಿದ್ದ ಸುಮಾರು 83.5 ಕೋಟಿ ಆಧಾರ್ ಸಂಖ್ಯೆಗಳಲ್ಲಿ ಈ ದಾರಿಯಿಂದ ಬಂದವು ಕೇವಲ 2.19 ಲಕ್ಷ. ದಾಖಲೆಯಿಲ್ಲದವರಿಗೆ ಗುರುತು ಕೊಡುವುದೇ ಯೋಜನೆಯ ಘನ ಉದ್ದೇಶವೆಂದು ಸಾರಿದ್ದರಿಂದ ಈ ಅಂಕಿ ನೋವು ತರುವಂಥದ್ದು. ಊರಿನ ಪ್ರತಿ ಮನೆಯನ್ನೂ ಬಲ್ಲ ಆಶಾ ಕಾರ್ಯಕರ್ತೆಯರು, ಅಂಗನವಾಡಿ ಶಿಕ್ಷಕಿಯರು ಮತ್ತು ಸಹಕಾರ ಸಂಘಗಳ ಸಿಬ್ಬಂದಿಗೆ ತರಬೇತಿ, ನಮೂನೆ ಮತ್ತು ಹೊಣೆಗಾರಿಕೆಯೊಡನೆ ಈ ಕೆಲಸವನ್ನು ವಹಿಸಿದರೆ, ಹುಟ್ಟಿದ ದಾಖಲೆಯೇ ಇಲ್ಲದ ವೃದ್ಧರಿಗೂ ವಲಸೆ ಕಾರ್ಮಿಕರಿಗೂ ಅದರಿಂದ ನ್ಯಾಯ ದೊರೆಯುತ್ತದೆ.

ಸಾಕ್ಷಿ ನಿಲ್ಲುವವರು ಮೂಲ ದಾಖಲೆಯನ್ನೂ ಎದುರಿಗಿರುವ ಮುಖವನ್ನೂ ಸ್ವತಃ ನೋಡದೆ ಸಹಿ ಹಾಕಬಾರದು. ಹಾಗೆಯೇ ಡಿಜಿಟಲ್ ಸಹಿ ಪಡೆದವರು ತಮ್ಮ ಡಾಂಗಲನ್ನೂ ಅದರ ಗುಪ್ತ ಸಂಖ್ಯೆಯನ್ನೂ ಲೆಕ್ಕ ಬರೆಯುವವರ ಅಥವಾ ಸೈಬರ್ ಕೇಂದ್ರದವರ ಕೈಗೆ ಕೊಟ್ಟು ನಿಶ್ಚಿಂತರಾಗುವ ರೂಢಿಯನ್ನು ಬಿಡಬೇಕು. ಖಾಸಗಿ ಕೀಲಿಯನ್ನು ತನ್ನ ಹಿಡಿತದಲ್ಲೇ ಇಟ್ಟುಕೊಳ್ಳುವ ಹೊಣೆಯನ್ನು ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೆಯ ಕಲಮು ಪ್ರಮಾಣಪತ್ರ ಪಡೆದವರ ಮೇಲೆಯೇ ಹೊರಿಸಿದೆ.