ಪೊದೆನುಸಿಯಿಂದ ಬರುವ ಜ್ವರ

ಮಳೆಗಾಲದ ಕಡೆಯ ಭಾಗದಿಂದ ಚಳಿಗಾಲದವರೆಗೆ, ಹುಲ್ಲು ಕೊಯ್ಯುವವರು, ಬೇಲಿ ಸವರುವವರು, ಸೌದೆ ತರುವವರು ಇವರಲ್ಲಿ ಕೆಲವರಿಗೆ ಹಠಾತ್ತಾಗಿ ಜ್ವರವೇರಿ, ತಲೆನೋವು ಮೈಕೈನೋವುಗಳು ವಿಪರೀತವಾಗಿ, ಕೆಲವು ದಿವಸಗಳ ಮೇಲೆ ಎದೆಬೆನ್ನುಗಳಲ್ಲಿ ಕೆಂಪು ದದ್ದುಗಳು ತೋರುವುದುಂಟು. ಇದನ್ನು ಅಮ್ಮನೆಂದು ತಿಳಿದು ಬೇವಿನ ಸೊಪ್ಪು ಕಟ್ಟಿ ಸುಮ್ಮನಿರುವವರೂ, ವಿಷಮಶೀತಜ್ವರವೆಂದು ಬಗೆದು ಅದರ ಇಂಜೆಕ್ಷನ್‌ಗಳನ್ನೇ ಹಾಕಿಸುತ್ತಿರುವವರೂ ಇದ್ದಾರೆ. ಎರಡರಿಂದಲೂ ಹಾಳಾಗುವುದು ರೋಗಿಯ ಆಯುಸ್ಸಿನ ಕಾಲವೇ. ಇಂಥ ಜ್ವರಗಳಲ್ಲಿ ಒಂದಾದ ಸ್ಕ್ರಬ್ ಟೈಫಸ್ಸಿಗೂ ಬೇಸಾಯಕ್ಕೂ ಹತ್ತಿರದ ಸಂಬಂಧವಿರುವುದರಿಂದ, ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಅದರ ಸ್ವರೂಪವನ್ನು ಅರಿತಿರತಕ್ಕದ್ದು.

ಈ ರೋಗದ ಸೂಕ್ಷ್ಮಾಣುವಿಗೆ ಓರಿಯೆಂಟಿಯ ತ್ಸುತ್ಸುಗಾಮುಶಿ ಎಂದು ಹೆಸರು. ಜಪಾನಿನ ಷಿನಾನೋ ಮೊದಲಾದ ನದಿಗಳ ಬಯಲಿನ ಬೇಸಾಯಗಾರರು ಈ ಜ್ವರವನ್ನು ಬಹುಕಾಲದಿಂದ ಬಲ್ಲರು. ಹೆಸರು ಅವರ ಭಾಷೆಯದೇ. ಎರಡನೆಯ ಮಹಾಯುದ್ಧದಲ್ಲಿ ಅಸ್ಸಾಂ ಮತ್ತು ಬರ್ಮಾ ಗಡಿಯ ಸೈನಿಕರು ಅನೇಕರು ಇದಕ್ಕೆ ತುತ್ತಾದರು. ಕರ್ನಾಟಕದಲ್ಲಿಯೂ ಇದು ಉಂಟು.

ರೋಗವನ್ನು ತರುವುದು ಒಂದು ಬಗೆಯ ನುಸಿಯ ಮರಿ. ಅದು ಕಣ್ಣಿಗೆ ಕಾಣಿಸುವುದೇ ಕಷ್ಟ. ಬೆಳೆದ ನುಸಿಯು ಮಣ್ಣಿನಲ್ಲಿದ್ದು ಯಾರನ್ನೂ ಕಚ್ಚದು; ಮರಿಯು ಮಾತ್ರ ಹುಲ್ಲಿನ ತುದಿಯಲ್ಲಿ ಕಾದಿದ್ದು ಇಲಿಗಳನ್ನೋ, ಅಕಸ್ಮಾತ್ತಾಗಿ ಮನುಷ್ಯನನ್ನೋ ಹತ್ತುತ್ತದೆ. ರೋಗಾಣುವು ತಾಯಿನುಸಿಯಿಂದ ಮೊಟ್ಟೆಯ ಮೂಲಕ ಮರಿಗೆ ಇಳಿಯುವುದರಿಂದ, ಇಲಿಗಳನ್ನು ಕೊಂದ ಮಾತ್ರಕ್ಕೆ ಭಯವು ತೀರಿತೆಂದು ಭಾವಿಸಕೂಡದು. ಪೊದೆಯೂ ಹೋಗಬೇಕು.

ಕಚ್ಚಿದ ಸ್ಥಳದಲ್ಲಿ ಸಿಗರೇಟಿನಿಂದ ಸುಟ್ಟಂತೆ ಕರಿಯ ಹಕ್ಕಳೆಯೊಂದು ಕಟ್ಟುವುದುಂಟು. ಅದಕ್ಕೆ ನೋವಿಲ್ಲ, ತುರಿಕೆಯೂ ಸಾಮಾನ್ಯವಾಗಿ ಇಲ್ಲ. ಆದಕಾರಣ ರೋಗಿಗೇ ಅದು ತಿಳಿದಿರುವುದಿಲ್ಲ. ಕಂಕುಳು, ತೊಡೆಯ ಸಂದು, ಸೊಂಟದ ಪಟ್ಟಿಯ ಕೆಳಗೆ, ಸ್ತ್ರೀಯರಲ್ಲಿ ಸ್ತನದ ಕೆಳಗೆ ಹುಡುಕಬೇಕು. ನಾಚಿಕೆಯಿಂದ ತೋರಿಸದೆ ಉಳಿಯುವುದೇ ಹೆಚ್ಚು. ಕಪ್ಪು ಮೈಬಣ್ಣದವರಲ್ಲಿ ದದ್ದು ಸ್ಪಷ್ಟವಾಗಿ ಕಾಣದಾದ್ದರಿಂದ ಈ ಹಕ್ಕಳೆಯೇ ದೊಡ್ಡ ಗುರುತು. ಆದರೆ ಅದಿಲ್ಲವೆಂದು ರೋಗವಿಲ್ಲವೆನ್ನಲಾಗದು.

ಪೆನಿಸಿಲಿನ್ ವರ್ಗದ ಔಷಧಗಳು ಇದಕ್ಕೆ ನಾಟುವುದಿಲ್ಲ. 1948ರಲ್ಲಿ ಕೌಲಾಲಂಪುರದಲ್ಲಿ ಕ್ಲೋರಾಂಫೆನಿಕಾಲ್ ಗುಣಕಾರಿಯೆಂದು ಕಂಡುಬಂದಿತು. ಈಗ ಡಾಕ್ಸಿಸೈಕ್ಲಿನ್, ಗರ್ಭಿಣಿಯರಿಗೆ ಅಜಿತ್ರೋಮೈಸಿನ್ ರೂಢಿಯಲ್ಲಿವೆ. ಬೇಗ ಕೊಟ್ಟರೆ ಜ್ವರವು ಸಾಮಾನ್ಯವಾಗಿ ಎರಡು ದಿವಸಗಳಲ್ಲಿ ಇಳಿಯುತ್ತದೆ. ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಮೆದುಳುಗಳಿಗೆ ಪೆಟ್ಟು ಬಿದ್ದು ಸಾವು ಸಂಭವಿಸಬಹುದು. ಆಳಿಗೆ ಜ್ವರ ಬಂದರೆ ಎರಡು ವಾರಗಳೊಳಗೆ ಅವನು ಯಾವ ಹೊಲದಲ್ಲಿ, ಯಾವ ಪೊದೆಯಲ್ಲಿ ಕೆಲಸ ಮಾಡಿದನೆಂಬುದನ್ನು ವೈದ್ಯರಿಗೆ ಹೇಳಿಕಳುಹಿಸತಕ್ಕದ್ದು. ಈ ಒಂದು ಮಾತು ಎಷ್ಟೋ ಪರೀಕ್ಷೆಗಳಿಗಿಂತ ಮೊದಲು ದಾರಿ ತೋರುತ್ತದೆ.

ಲಸಿಕೆಯು ಇನ್ನೂ ಇಲ್ಲ. ಮನೆ, ಕಣ, ಕೊಟ್ಟಿಗೆಗಳ ಸುತ್ತಣ ಕುರುಚಲನ್ನು ಕಡಿಯಿಸಬೇಕು. ಕಡಿಯುವ ಆಳುಗಳೇ ಮೊದಲು ಅಪಾಯಕ್ಕೊಳಗಾಗುವರಾದ್ದರಿಂದ ಅವರಿಗೆ ಮೈ ಮುಚ್ಚುವ ಬಟ್ಟೆಯನ್ನು ಒದಗಿಸಬೇಕು. ಹುಲ್ಲಿನ ಮೇಲೆ ಬರಿಮೈಯಲ್ಲಿ ಮಲಗಕೂಡದು, ಕಳಚಿದ ಬಟ್ಟೆಯನ್ನು ಪೊದೆಯ ಮೇಲೆ ಹರವಕೂಡದು. ಸಂಜೆ ಸ್ನಾನ ಮಾಡಿ ಬಟ್ಟೆ ಬದಲಿಸಬೇಕು. ಈ ಜ್ವರವು ಮನುಷ್ಯನಿಂದ ಮನುಷ್ಯನಿಗೆ ಹರಡದು. ರೋಗಿಯನ್ನು ದೂರವಿಡಲು ಕಾರಣವಿಲ್ಲ.