ಹಗಲು ಲೇತ್, ರಾತ್ರಿ ದುರ್ಯೋಧನ

ಬೆಂಗಳೂರಿನ ತುಮಕೂರು ರಸ್ತೆ ಬಿಟ್ಟು ಒಳಕ್ಕೆ ಬಂದರೆ ರಾಜಗೋಪಾಲನಗರ. ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಿನ ಬಡಾವಣೆ. ಲೇತ್, ಮಿಲ್ಲಿಂಗ್, ಪೌಡರ್ ಕೋಟಿಂಗ್ ಶೆಡ್ಡುಗಳು, ಅವುಗಳ ಬೆನ್ನಿಗೇ ಬಾಡಿಗೆ ಮನೆಗಳ ಸಾಲು. ಈ ಭಾಗದಲ್ಲಿ ಕುಣಿಗಲ್, ಮಾಗಡಿ, ತುಮಕೂರು, ಮಂಡ್ಯ, ಹಾಸನದ ಕಡೆಯಿಂದ ಕೆಲಸ ಹುಡುಕಿ ಬಂದು ನೆಲೆ ನಿಂತವರು ಬಹಳ. ಊರಿನಿಂದ ಅವರ ಜೊತೆಗೇ ಬಂದದ್ದು ನಾಟಕದ ಹುಚ್ಚು. ಹಗಲು ಪಾಳಿಯಲ್ಲಿ ಲೇತ್ ಮುಂದೆ ನಿಂತವರು, ಆಟೊ ಓಡಿಸುವವರು, ಅಂಗಡಿ ಇಟ್ಟವರು ಸೇರಿ ಒಂದು ಕಲಾ ಸಂಘ ಕಟ್ಟಿಕೊಳ್ಳುತ್ತಾರೆ. ತಿಂಗಳುಗಟ್ಟಲೆ ತಾಲೀಮು ಮಾಡಿ ಒಂದು ರಾತ್ರಿ ‘ಕುರುಕ್ಷೇತ್ರ’ ಆಡುತ್ತಾರೆ.

ಈ ಪೌರಾಣಿಕ ನಾಟಕ ಮಾತಿಗಿಂತ ಹಾಡಿನ ಮೇಲೆ ನಿಂತದ್ದು. ಕೃಷ್ಣ ರಂಗಕ್ಕೆ ಬರುವುದೇ ಹಾಡಿಕೊಂಡು. ದುರ್ಯೋಧನನ ಸಿಟ್ಟು ಹೊರಡುವುದು ಕಂದಪದ್ಯದಲ್ಲಿ. ಪಶ್ಚಿಮದವರು ಆಪೆರಾ ಎಂದು ಕರೆಯುವ ಕಲೆಗೆ ನಮ್ಮಲ್ಲಿ ತೀರಾ ಹತ್ತಿರದ ನೆಂಟ ಇದೇ. ಅಲ್ಲಿ ನಗೆಯ ಆಪೆರಾಗಳಿಂದ ಮನೆಮಾತಾದ ಜೋಡಿ ಗಿಲ್ಬರ್ಟ್ ಮತ್ತು ಸಲಿವನ್. 1871ರಿಂದ 1896ರವರೆಗೆ ಇಬ್ಬರೂ ಕೂಡಿ 14 ಆಪೆರಾ ಕಟ್ಟಿದರು. 1885ರಲ್ಲಿ ಲಂಡನ್ನಿನ ಸವಾಯ್ ಥಿಯೇಟರಿನಲ್ಲಿ ಶುರುವಾದ ‘ದಿ ಮಿಕಾಡೊ’ ಒಂದೇ ಓಟದಲ್ಲಿ 672 ಪ್ರದರ್ಶನ ಕಂಡಿತು. ಇವತ್ತಿಗೂ ಇಂಗ್ಲೆಂಡಿನ ಸಣ್ಣಪುಟ್ಟ ಊರುಗಳಲ್ಲಿ ಅವನ್ನು ಉಳಿಸಿಕೊಂಡು ಬಂದಿರುವವರು ಹವ್ಯಾಸಿಗಳು. ಪೀಣ್ಯದ ದುರ್ಯೋಧನನಿಗೂ ಅವರಿಗೂ ಇರುವ ದೊಡ್ಡ ವ್ಯತ್ಯಾಸ ದುಡ್ಡಿನದು.

ಇಲ್ಲಿ ಪಾತ್ರಕ್ಕೆ ದುಡ್ಡು ಕೊಡಬೇಕಾದವನು ಕಲಾವಿದನೇ. ಮೇಷ್ಟ್ರ ಸಂಭಾವನೆ, ಡ್ರಾಮಾ ಸೀನರಿ ಬಾಡಿಗೆ, ಮೈಕು, ವೇಷಭೂಷಣ, ದ್ರೌಪದಿ, ಕುಂತಿ, ಉತ್ತರೆಯರ ಪಾತ್ರಕ್ಕೆ ಕರೆಸುವ ವೃತ್ತಿ ಕಲಾವಿದೆಯರ ಸಂಭಾವನೆ ಎಲ್ಲವನ್ನೂ ಕೂಡಿಸಿ ಪಾತ್ರಗಳ ಮೇಲೆ ಹಂಚುತ್ತಾರೆ. ಕೃಷ್ಣ, ದುರ್ಯೋಧನರಿಗೆ ಹೆಚ್ಚು. ಸಣ್ಣ ಪಾತ್ರಕ್ಕೆ ಕಡಿಮೆ. ಕೃಷ್ಣನಾಗಲು ಬಯಸುವವರು ಹೆಚ್ಚಿದ್ದರೆ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಪಾತ್ರವನ್ನೇ ಪಾಲು ಮಾಡುವುದುಂಟು. ವರ್ಷದ ಉಳಿತಾಯವನ್ನು ಒಂದು ರಾತ್ರಿಯ ಕಿರೀಟಕ್ಕೆ ಸುರಿದವನನ್ನು ನೋಡಿ ನಗುವವರಿದ್ದಾರೆ. ನಗಬಾರದು. ಹಾಡಬೇಕೆಂಬ ಆಸೆಗೆ ಅವನು ತನ್ನ ಬೆವರಿನ ದುಡ್ಡನ್ನೇ ಕೊಟ್ಟಿದ್ದಾನೆ.

ತಾಲೀಮಿನಲ್ಲಿ ಎಲ್ಲರ ಕಣ್ಣೂ ಹಾರ್ಮೋನಿಯಂ ಮೇಷ್ಟ್ರ ಮೇಲೆ. ಅವರೇ ನಿರ್ದೇಶಕರು, ಅವರೇ ಸಂಗೀತದ ಗುರು. ಬಂದವರಲ್ಲಿ ಹೆಚ್ಚಿನವರಿಗೆ ಸ್ವರಜ್ಞಾನ ಇರುವುದಿಲ್ಲ. ಹಾಗಾಗಿ ಮೇಷ್ಟ್ರು ಮೊದಲು ಅವರ ಕಂಠ ಕೇಳಿ, ಯಾವ ಮನೆಗೆ ಶ್ರುತಿ ಹಿಡಿದರೆ ದನಿ ಒಡೆಯುವುದಿಲ್ಲ ಎಂದು ನೋಡುತ್ತಾರೆ. ಆಮೇಲೆ ಒಂದೊಂದೇ ಸಾಲು ಹಾಡಿ ಹೇಳಿಕೊಡುತ್ತಾರೆ. ಕಲಿಯುವವನು ಹಾಗೇ ಹಿಡಿಯುತ್ತಾನೆ. ರಾಗದ ಹೆಸರು ಅವನಿಗೆ ಗೊತ್ತಿರಬೇಕಾಗಿಲ್ಲ, ಮಟ್ಟು ಗೊತ್ತಿದ್ದರೆ ಸಾಕು. ಎಲ್ಲಿ ಉಸಿರು ಎಳೆದುಕೊಳ್ಳಬೇಕು, ಆಲಾಪ ಎಲ್ಲಿ ನಿಲ್ಲಿಸಿ ಮಾತಿಗೆ ಇಳಿಯಬೇಕು ಎಂಬುದೇ ನಿಜವಾದ ಪಾಠ. ಎತ್ತರದ ಸ್ವರಕ್ಕೆ ಹೋದವನು ಅಲ್ಲೇ ನಿಂತು ಚಪ್ಪಾಳೆ ಗಿಟ್ಟಿಸುತ್ತಾನೆ. ತಾಳಕ್ಕೆ ಸರಿಯಾಗಿ ಕೆಳಗೆ ಬರದಿದ್ದರೆ ತಬಲಾದವನ ಮುಖ ಗಂಟಾಗುತ್ತದೆ.

ಇಷ್ಟೆಲ್ಲದರ ನಡುವೆ ಯಾರ ಕಣ್ಣಿಗೂ ಬೇಗ ಬೀಳದವನು ಹಾಸ್ಯಗಾರ. ‘ಸತ್ಯ ಹರಿಶ್ಚಂದ್ರ’ದ ನಕ್ಷತ್ರಿಕನನ್ನು ನೋಡಿ. ವಿಶ್ವಾಮಿತ್ರನ ಸಾಲ ವಸೂಲಿಗೆ ರಾಜನ ಬೆನ್ನು ಹತ್ತಿದವನು. ರಾಜ ಅಳುತ್ತಿರುವಾಗಲೇ ಜನರನ್ನು ನಗಿಸಬೇಕು, ಆದರೆ ರಾಜನ ದುಃಖ ಕೆಡಿಸಬಾರದು. ಹಾಡಿನ ಗತಿ ಚುರುಕು. ಒಂದು ಅಕ್ಷರ ನುಂಗಿದರೂ ನಗೆ ಹೋಯಿತು. ದುರ್ಯೋಧನ ಸಾಲು ಮರೆತರೆ ಗದೆ ಬೀಸಿ ಒಂದು ಆಲಾಪ ತೆಗೆದು ಪಾರಾಗಬಹುದು. ಹಾಸ್ಯಗಾರನಿಗೆ ಆ ಅನುಕೂಲ ಇಲ್ಲ. ಇಡೀ ನಾಟಕದಲ್ಲಿ ಕಷ್ಟದ ಪಾತ್ರ ಅದೇ.

ಇದನ್ನು ಕನ್ನಡ ರಂಗಭೂಮಿಗೆ ಮನಗಾಣಿಸಿದವರು ಗುಬ್ಬಿ ವೀರಣ್ಣ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯನ್ನು ಬೆಳೆಸಿ, ಅದರ ಹೆಸರನ್ನು ನಾಡಿನಾಚೆಗೂ ಒಯ್ದವರು. 1934ರಲ್ಲಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಆಡಿಸಿದ ಇದೇ ವೀರಣ್ಣ, ತಾವು ಹೆಸರು ಮಾಡಿದ್ದು ನಗೆಪಾತ್ರಗಳಲ್ಲಿ. ಬೆಳ್ಳಾವೆ ನರಹರಿ ಶಾಸ್ತ್ರಿಗಳ ‘ಸದಾರಮೆ’ಯಲ್ಲಿ ಅವರದು ಕಳ್ಳನ ಪಾತ್ರ. ಹಾಡು, ಚೇಷ್ಟೆ, ಗಂಡುವೇಷ ತೊಟ್ಟು ಬುದ್ಧಿಯಿಂದ ಪಾರಾಗುವ ನಾಯಕಿ ಎಲ್ಲ ಇರುವ ‘ಸದಾರಮೆ’ ಕನ್ನಡದ ಅಪ್ಪಟ ನಗೆಯ ಆಪೆರಾ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ತಮ್ಮ ‘ಸ್ಪಂದನ’ ತಂಡದ ಮೂಲಕ ಈ ನಾಟಕಕ್ಕೆ ಮತ್ತೆ ಜೀವ ಕೊಟ್ಟರು.

ನಗರದ ಹವ್ಯಾಸಿಗಳು ಬೇರೆ ದಾರಿ ಹಿಡಿದರು. ಬೆಂಗಳೂರಿನಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಹುಟ್ಟಿದ್ದು 1909ರಲ್ಲಿ. ನಾಟಕಕಾರ ಕೈಲಾಸಂ ಬಂದ ಮೇಲೆ ಮಾತಿನ ಹಾಸ್ಯ ಮೇಲಾಗಿ, ಹವ್ಯಾಸಿ ರಂಗದಲ್ಲಿ ಹಾಡು ಹಿಂದೆ ಸರಿಯಿತು. ಅದನ್ನು ಮರಳಿ ಕರೆತಂದವರು, ಬಾಲ್ಯದಲ್ಲಿ ಗುಬ್ಬಿ ಕಂಪನಿ ಸೇರಿದ್ದ ಬಿ.ವಿ. ಕಾರಂತರು. 1972ರಲ್ಲಿ ರವೀಂದ್ರ ಕಲಾಕ್ಷೇತ್ರದ ಬಯಲಲ್ಲಿ ಅವರು ಆಡಿಸಿದ ಕಂಬಾರರ ‘ಜೋಕುಮಾರಸ್ವಾಮಿ’, ಆಮೇಲೆ ‘ಬೆನಕ’ ತಂಡಕ್ಕೆ ಮಾಡಿಸಿದ ಜಡಭರತರ ‘ಸತ್ತವರ ನೆರಳು’ ಹಾಡನ್ನೇ ನಾಟಕದ ಬೆನ್ನೆಲುಬಾಗಿಸಿದವು. ‘ಸತ್ತವರ ನೆರಳು’ ಮಠದೊಳಗಿನ ಗದ್ದುಗೆ ರಾಜಕಾರಣದ ಲೇವಡಿ. ಅದರ ಹಾಡುಗಳು ಪುರಂದರದಾಸರ ಕೀರ್ತನೆಗಳು. ನಟರಲ್ಲಿ ಬಹುಪಾಲು ಮಂದಿ ಹೊಟ್ಟೆಪಾಡಿಗೆ ಬೇರೆ ಕೆಲಸ ಇದ್ದವರೇ.

ಹಾಗಿದ್ದೂ ಈ ಎರಡು ಹವ್ಯಾಸಿ ಲೋಕಗಳಿಗೆ ಪರಸ್ಪರ ಬಳಕೆ ಕಡಿಮೆ. ಕಲಾಕ್ಷೇತ್ರದ ಪ್ರೇಕ್ಷಕ ಪೀಣ್ಯದ ‘ಕುರುಕ್ಷೇತ್ರ’ಕ್ಕೆ ಬರುವುದು ಅಪರೂಪ, ಪತ್ರಿಕೆಯ ವಿಮರ್ಶಕನೂ ಅಷ್ಟೆ. ಇದು ನ್ಯಾಯವಲ್ಲ. ಕಂಪನಿ ನಾಟಕದ ಮಟ್ಟುಗಳು ಪುಸ್ತಕದಲ್ಲಿ ಬರೆದಿಟ್ಟು ಉಳಿಯುವಂಥವಲ್ಲ. ಉಳಿದರೆ ಹಾಡುವವರ ಗಂಟಲಲ್ಲಿ ಉಳಿಯಬೇಕು. ಆ ಕೆಲಸವನ್ನು ಇಂದು ಹೆಚ್ಚಾಗಿ ಮಾಡುತ್ತಿರುವವರು ಹಳ್ಳಿಗಳ, ಇಂಥ ಬಡಾವಣೆಗಳ ಕಲಾ ಸಂಘದವರು.

ಅವರಲ್ಲಿ ಒಂದು ವಿನಂತಿ. ‘ಕುರುಕ್ಷೇತ್ರ’ ಆಡಿ, ಬಿಡಬೇಡಿ. ಆದರೆ ಮುಂದಿನ ರಾಜ್ಯೋತ್ಸವಕ್ಕೆ ಒಮ್ಮೆ ‘ಸದಾರಮೆ’ ಹಿಡಿಯಿರಿ. ಕಳ್ಳನ ಪಾತ್ರಕ್ಕೆ ಸಂಘದ ಅತ್ಯುತ್ತಮ ಹಾಡುಗಾರನನ್ನು ನಿಲ್ಲಿಸಿ, ಅವನಿಂದ ದುಡ್ಡು ಕೇಳಬೇಡಿ. ಮಿಕ್ಕವರು ಬಂದು ನೋಡಿದರೆ ಸಾಕು.